ದಿಂಡಲ ಗಿಡದ ಕಚ್ಚು

ಗದಗಿನ ಕಾಲೇಜಿನಲ್ಲಿ ಗಣಿತ ಕಲಿಸುವ ನನಗೆ ಕಪ್ಪತಗುಡ್ಡ ಬಹಳ ದಿನ ಬರೀ ಕಂಪ್ಯೂಟರ್ ಪರದೆಯ ಮೇಲಿನ ಒಂದು ಗೆರೆಯಾಗಿತ್ತು. ಉಪಗ್ರಹದ ಚಿತ್ರಗಳಿಂದ ಗುಡ್ಡದ ಹಸಿರನ್ನು ಅಳೆದು, ಬರವೋ ಬೆಂಕಿಯೋ ಬಂದಾಗ ಗೆರೆ ಎಷ್ಟು ಕುಸಿಯುತ್ತದೆ, ಮತ್ತೆ ಏರಲು ಎಷ್ಟು ದಿನ ಹಿಡಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಬೇಗ ಏರಿದರೆ ಕಾಡು ಗಟ್ಟಿ, ತಡವಾದಷ್ಟೂ ಅಪಾಯ. ನನ್ನ ಮಾದರಿಯಲ್ಲಿ ಶಿರಹಟ್ಟಿ ಕಡೆಯ ಇಳಿಜಾರು ವರ್ಷದಿಂದ ವರ್ಷಕ್ಕೆ ಬೇಗ ಚೇತರಿಸಿಕೊಳ್ಳುತ್ತಿತ್ತು. ಅಲ್ಲಿ ಬೇಲಿ ಹಾಕಿ, ಬೆಂಕಿ ಬೀಳದಂತೆ ಕಾಯುವವರನ್ನು ಇಡಬೇಕೇ ಎಂದು ಕೇಳಿದ ಅರಣ್ಯ ಇಲಾಖೆಯ ಸಮಿತಿಗೆ ‘ಅಗತ್ಯವಿಲ್ಲ’ ಎಂದು ಬರೆದುಕೊಟ್ಟೆ. ಆಮೇಲೆ ಒಂದು ವಾರ ಬೀಗಿಕೊಂಡು ಓಡಾಡಿದೆ.

ಗುಡ್ಡವನ್ನು ಕಣ್ಣಾರೆ ನೋಡಲು ಹೋದದ್ದು ಅದರ ನಂತರ, ದೀಪಾವಳಿಯ ಹೊತ್ತಿಗೆ. ಬುಡದ ಹಳ್ಳಿಯಲ್ಲಿ ನಾಟಿ ಔಷಧಿ ಕೊಡುವ ಹೆಂಗಸೊಬ್ಬಳು ದಾರಿ ತೋರಿಸಲು ಬಂದಳು. ಗುಡ್ಡದ ದಿಂಡಲ ಮರದ ತೊಗಟೆಯೇ ಆಕೆಯ ಬದುಕು. ಒಂದು ಗಿಡದ ಮೈಮೇಲೆ ತಾನು ಕುಡುಗೋಲಿನಿಂದ ಹಾಕಿದ್ದ ಬೆರಳಗಲದ ಕಚ್ಚು ತೋರಿಸಿದಳು.

“ನಮ್ಮವ್ವ ಕಲಿಸಿದ್ದು, ಸರ. ಮೊದ್ಲ ಸಣ್ಣ ಕಚ್ಚು ಹಾಕೂದು. ಅದು ಮಾಯ್ದ್ರ ಗಿಡ ಗಟ್ಟಿ ಐತಿ ಅಂತ, ಆಮ್ಯಾಲೇ ತೊಗಟಿಗೆ ಕೈ ಹಚ್ಚೂದು. ಆವಾಗ ಒಂದು ಮಳಿಗಾಲ ಸಾಕಾಗತಿತ್ತು. ಇದಕ್ಕ ಮೂರು ಮಳಿಗಾಲ ಆತು. ನೋಡ್ರಿ, ಇನ್ನೂ ಬಾಯಿ ತಕ್ಕೊಂಡೇ ಐತಿ.”

ಸುಮ್ಮನಿರಬೇಕಿತ್ತು. ನಾನು ಫೋನಿನಲ್ಲಿ ನನ್ನ ಗೆರೆ ತೆಗೆದು, ಗುಡ್ಡ ಬೇಗ ಹಸಿರಾಗುತ್ತಿದೆಯಲ್ಲ ಎಂದು ವಾದಕ್ಕೆ ನಿಂತೆ.

ಆಕೆ ನಕ್ಕಳು. “ಅದು ಹುಲ್ಲಿನ ಹಸಿರು, ಸರ. ಗಿಡ ಸತ್ತಲ್ಲೆ ಬಿಸಿಲು ಬೀಳತೈತಿ, ಹುಲ್ಲು ಏಳತೈತಿ. ಅದಕ್ಕೇನ್ರಿ, ನಾಕು ಹನಿ ಬಿದ್ರ ಸಾಕು. ಬ್ಯಾಸಗ್ಯಾಗ ಬೆಂಕಿ ಬಿತ್ತಂದ್ರ ಉಳದ ಗಿಡಾನೂ ಹಿಡಕೊಂಡು ಹೋಗತೈತಿ.”

ಗಿಡ ಸತ್ತಷ್ಟೂ ಹುಲ್ಲು, ಹುಲ್ಲು ಹೆಚ್ಚಿದಷ್ಟೂ ನನ್ನ ಗೆರೆ ಬೇಗ ಏರುತ್ತಿತ್ತು. ಸಾವನ್ನೇ ನಾನು ಆರೋಗ್ಯವೆಂದು ಓದಿದ್ದೆ. ಬೆಟಗೇರಿಯ ಮಗ್ಗದ ಮನೆಯಲ್ಲಿ ಹುಟ್ಟಿದವನು ನಾನು. ಬಣ್ಣಕ್ಕೆ ಮರುಳಾಗದೆ ನೂಲು ಮುಟ್ಟಿ ನೋಡಿರೆಂದು ಅಪ್ಪ ಗಿರಾಕಿಗಳಿಗೆ ಹೇಳುವುದನ್ನು ಕೇಳುತ್ತಲೇ ಬೆಳೆದವನು. ನಾಚಿಕೆಯಾಯಿತು.

ಮನೆಗೆ ಬಂದು, ಹುಲ್ಲು ಒಣಗಿ ಗಿಡಗಳು ಮಾತ್ರ ಹಸಿರಾಗಿರುವ ದಿನಗಳನ್ನಷ್ಟೇ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದೆ. ಪ್ರತಿ ಬರದ ನಂತರವೂ ಗೆರೆ ಏರಲು ಹಿಂದಿಗಿಂತ ಹೆಚ್ಚು ಕಾಲ ತೆಗೆದುಕೊಂಡಿತ್ತು. ಕೊನೆಯ ಬರದ ನಂತರ ಅದು ಏರಲೇ ಇಲ್ಲ. ತಪ್ಪೊಪ್ಪಿಕೊಂಡು ಸಮಿತಿಗೆ ಬರೆದೆ. ಮೊದಲಿನ ವರದಿ ಅಂಗೀಕಾರವಾಗಿದೆ, ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂತು.

ಶಿವರಾತ್ರಿ ಕಳೆದ ಮೇಲೆ ಹಳ್ಳಿಗೆ ಹೋಗಿ ಆಕೆಗೆ ಎಲ್ಲವನ್ನೂ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು.

“ಹಂಗಾರ ನಿಮ್ಮ ಲೆಕ್ಕದಾಗ ಆ ಕಚ್ಚು ಯಾವಾಗ ಮಾಯತೈತ್ರಿ?” ಎಂದಷ್ಟೇ ಕೇಳಿದಳು.

ಇಳಿಜಾರಿನ ತುಂಬ ಸೊಂಟದೆತ್ತರದ ಹುಲ್ಲು ಒಣಗಿ ನಿಂತಿತ್ತು. ಆಕೆ ಅದನ್ನೇ ನೋಡುತ್ತಿದ್ದಳು.

“ಈ ವರ್ಸ ನಾ ಯಾವ ಗಿಡಕ್ಕೂ ಕಚ್ಚು ಹಾಕಿಲ್ರಿ,” ಅಂದಳು. “ಹಾಕಿದ್ರ, ಮಾಯ್ದೈತೋ ಇಲ್ಲೋ ಅಂತ ಹೋಗಿ ನೋಡಾಕ ಅಂಜಿಕಿ ಆಗತೈತಿ.”