ವಾರ್ಡ್‌ರೋಬಿನೊಳಗೆ ಒಂದು ಚಳಿಗಾಲ

ಹೋದ ತಿಂಗಳು ಒಂದು ಮಧ್ಯಾಹ್ನ ನನ್ನ ಹೆಂಡತಿ ಗಿರಿಜಾ ಸೀರೆ ಹುಡುಕಲೆಂದು ವಾರ್ಡ್‌ರೋಬ್ ಬಾಗಿಲು ತೆಗೆದಳು. ಒಳಗೆ ಸೀರೆಗಳಿದ್ದವು. ಸೀರೆಗಳ ಕೆಳಗೆ ನಾನಿದ್ದೆ.

(ಇಲ್ಲಿಯ ವಾರ್ಡ್‌ರೋಬ್ ಅಂದರೆ ನಮ್ಮೂರಿನ ಕಬ್ಬಿಣದ ಬೀರು ಅಲ್ಲ. ನಡೆದುಕೊಂಡು ಒಳಗೆ ಹೋಗುವಷ್ಟು ದೊಡ್ಡ ಕೋಣೆ. ಹೋಗಿ ಕೂರುವುದಕ್ಕೆಂದು ಕಟ್ಟಿದ್ದಲ್ಲ, ಅದು ಬೇರೆ ಮಾತು.)

“ಅಯ್ಯ! ಏನ್ರೀ ಇದು? ಸೀರಿ ಬುಡಕ ಕುಂತು ಏನ್ ಮಾಡಾಕತ್ತೀರಿ?”

“ಜಾಕೆಟ್ ಹುಡುಕ್ತಿದ್ದೆ.”

“ಜಾಕೀಟು ಮೈಮ್ಯಾಲ ಐತಲ್ರೀ!”

ಗಿರಿಜಾ ಹುಬ್ಬಳ್ಳಿಯವಳು. ನನ್ನ ಸುಳ್ಳುಗಳನ್ನು ಹೆಚ್ಚು ಹೊತ್ತು ನಿಲ್ಲಲು ಬಿಡುವವಳಲ್ಲ. ಗಾಳಿಯನ್ನು ಒಮ್ಮೆ ಮೂಸಿದಳು. ಪುದೀನ ವಾಸನೆ. ನನ್ನ ಮುಷ್ಟಿಯೊಳಗಿನಿಂದ ವೇಪ್‌ನ ಸಣ್ಣ ದೀಪ ಇಣುಕುತ್ತಿತ್ತು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಬಾಗಿಲಿಗೆ ಒರಗಿ ನಿಂತಳು. ಆಮೇಲೆ ಮೆಲ್ಲಗೆ ಹೇಳಿದಳು.

“ಸಿಗರೇಟ್ ಸೇದೂ ಮುಂದನ ಛಲೋ ಇತ್ತು ನೋಡ್ರಿ. ಹೊರಗರ ನಿಲ್ಲತಿದ್ರಿ. ಮಂದಿ ಮಾರಿ ನೋಡತಿದ್ರಿ.”

ಗಂಡ ಸಿಗರೇಟು ಬಿಟ್ಟಿದ್ದಕ್ಕೆ ಹೆಂಡತಿ ಬೇಜಾರು ಮಾಡಿಕೊಂಡದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ಸಿಗರೇಟು ನನ್ನ ಇಪ್ಪತ್ತು ವರ್ಷಗಳ ಸಂಗಾತಿ. ಈ ಸಲದ ಬೇಸಿಗೆಯಲ್ಲಿ ಬಿಟ್ಟೆ. ಕಾರಣ ದೊಡ್ಡದೇನಲ್ಲ. ಮನೆಯ ಮೆಟ್ಟಿಲು ಹತ್ತಿ ಮೇಲೆ ಹೋದರೆ ಮಗಳ ಹೆಸರು ಕರೆಯುವಷ್ಟು ಉಸಿರು ಉಳಿಯುತ್ತಿರಲಿಲ್ಲ. ಒಮ್ಮೆಲೇ ಬಿಡಲು ಆಗದೆ ವೇಪ್ ಹಿಡಿದೆ. ಆಸ್ಟ್ರೇಲಿಯಾದಲ್ಲಿ ಈಗ ಅದು ಸಿಗುವುದು ಫಾರ್ಮಸಿಯಲ್ಲಿ ಮಾತ್ರ. ಕೌಂಟರಿನ ಹುಡುಗಿ ಕೆಮ್ಮಿನ ಸಿರಪ್ ಕೊಡುವಷ್ಟೇ ಗಂಭೀರವಾಗಿ ನಾಲ್ಕು ಪ್ರಶ್ನೆ ಕೇಳಿ ಕೊಟ್ಟಳು. ಬ್ಯಾಟರಿ, ಒಂದಿಷ್ಟು ದ್ರವ, ಎಳೆದರೆ ಆವಿ. ಬೂದಿ ಇಲ್ಲ, ಬೆಂಕಿ ಇಲ್ಲ. (ಸಿಗರೇಟು ಸೇದದವರು ಇದರ ತಂಟೆಗೇ ಹೋಗಬೇಡಿ. ಇದು ನನ್ನಂಥವರು ಹಿಡಿದುಕೊಂಡು ಕುಂಟುವ ಊರುಗೋಲು ಅಷ್ಟೆ.)

ಮನೆಯಲ್ಲಿ ನಾನು ದೊಡ್ಡದಾಗಿ ಘೋಷಣೆ ಮಾಡಿದಾಗ ಮಗಳು ಅನಘಾ ಫೋನಿನಿಂದ ಕಣ್ಣೆತ್ತದೆ ಹೇಳಿದ್ದಳು: “ಯು ಡಿಡಂಟ್ ಕ್ವಿಟ್, ಅಪ್ಪಾ. ಯು ಜಸ್ಟ್ ವೆಂಟ್ ಎಲೆಕ್ಟ್ರಿಕ್.”

ಬೇಸಿಗೆ ಕಳೆಯಿತು. ಜೂನ್ ಬಂತು. ಇಲ್ಲಿ ಜೂನ್ ಅಂದರೆ ಚಳಿಗಾಲದ ಬಾಗಿಲು, ಜುಲೈ ಅಂದರೆ ಅದರ ನಡುಮನೆ. ನಾವು ಸಿಡ್ನಿಯ ಟೂಂಗಾಬಿಯಲ್ಲಿ ಇದ್ದಾಗ ಚಳಿಗಾಲವೆಂದರೆ ಒಂದು ಸ್ವೆಟರ್ ಅಷ್ಟೆ; ಮಧ್ಯಾಹ್ನ ಬಿಸಿಲು ಬರುತ್ತಿತ್ತು. ಎರಡು ವರ್ಷದ ಹಿಂದೆ ಮೆಲ್ಬರ್ನಿನ ಟ್ರುಗನಿನಾದಲ್ಲಿ ಮನೆ ಕೊಂಡು ಬಂದೆವು. ಇಲ್ಲಿ ಮೋಡ ಬಂತೆಂದರೆ ಬಾಡಿಗೆ ಕರಾರು ಮಾಡಿಕೊಂಡು ಬಂದ ಹಾಗೆ, ಏಳುವುದೇ ಇಲ್ಲ. ಬೆಳಿಗ್ಗೆ ಏಳುವಾಗ ಕತ್ತಲೆ. ಲ್ಯಾಪ್‌ಟಾಪ್ ಮುಚ್ಚುವಾಗ ಮತ್ತೆ ಕತ್ತಲೆ. ನಡುವೆ ಬೂದು ಬಣ್ಣದ ಏನೋ ಒಂದು.

ನಾನು ಕೆಲಸ ಮಾಡುವುದು ಮನೆಯಿಂದಲೇ. ಮೊದಲು ಸಿಗರೇಟಿಗಾದರೂ ಹಿತ್ತಲಿಗೆ ಹೋಗುತ್ತಿದ್ದೆ. ಅಲ್ಲಿ ಗಿರಿಜಾಳ ಹೊರಗಿನ ಒಲೆ ಇದೆ. ಒಗ್ಗರಣೆ, ಕರಿಯುವುದು ಎಲ್ಲ ಅಲ್ಲೇ. (ಒಳಗೆ ಮಾಡಿದರೆ ಸ್ಮೋಕ್ ಅಲಾರಂ ಕೂಗಿಕೊಳ್ಳುತ್ತದೆ, ಕಾರ್ಪೆಟ್ ಆರು ತಿಂಗಳು ಇಂಗು ನಾರುತ್ತದೆ.) ಅವಳು ಸಾಸಿವೆ ಸಿಡಿಸುತ್ತಿದ್ದಳು, ನಾನು ಗಾಳಿ ಬೀಸುವ ಕಡೆ ನೋಡಿಕೊಂಡು ದೂರ ನಿಂತು ಸೇದುತ್ತಿದ್ದೆ. ಮಾತು ಆಗುತ್ತಿತ್ತು. ಜಗಳವೂ ಆಗುತ್ತಿತ್ತು. ಬೇಲಿಯ ಆಚೆಯ ಪಂಜಾಬಿ ಅಂಕಲ್ ತಲೆ ಎತ್ತಿ ಹವಾಮಾನ ಬೈಯುತ್ತಿದ್ದರು.

ವೇಪ್ ಬಂದ ಮೇಲೆ ಹೊರಗೆ ಹೋಗುವ ಅಗತ್ಯ ಏನಿದೆ? ಮೊದಲು ಸೋಫಾದಲ್ಲಿ ಎಳೆದೆ. ಮಗಳು ಮೂಗು ಮುಚ್ಚಿಕೊಂಡಳು. ಒಲೆಯ ಮೇಲಿನ ಎಕ್ಸಾಸ್ಟ್ ಕೆಳಗೆ ಎಳೆದೆ. ಗಿರಿಜಾ ಓಡಿಸಿದಳು. ಕೊನೆಗೆ ಕಿಟಕಿ ಇಲ್ಲದ, ಅಲಾರಂ ಇಲ್ಲದ, ಯಾರೂ ಬಾರದ ಜಾಗ ಸಿಕ್ಕಿತು. ಅದು ಹೇಗೆ ಸಿಕ್ಕಿತೋ ಗೊತ್ತಿಲ್ಲ, ಅಲ್ಲಿಂದ ಏಳಲು ಮನಸ್ಸೇ ಬರುತ್ತಿರಲಿಲ್ಲ.

ಇನ್ನೊಂದು ವಿಚಿತ್ರ ಕೇಳಿ. ನಿಕೋಟಿನ್ ಮೈಗೆ ಸಿಗುತ್ತಲೇ ಇತ್ತು. ಆದರೂ ಜುಲೈ ಬಂದ ಹಾಗೆ ಸಿಗರೇಟೇ ಬೇಕು ಅನ್ನಿಸತೊಡಗಿತು. ಮೀಟಿಂಗ್ ನಡುವೆ ಬೆರಳು ತಾನಾಗಿ ಅಂಗಿಯ ಜೇಬು ತಡವುತ್ತಿತ್ತು. ಮತ್ತೆ ಒಂದು ಹಚ್ಚಿದರೆ ಇಪ್ಪತ್ತು ವರ್ಷ ವಾಪಸ್ ಬಂದು ಕುಳಿತುಕೊಳ್ಳುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದೆ ಎರಡು ಸಲ ಹಾಗೇ ಆಗಿದೆ.

ವಾರ್ಡ್‌ರೋಬ್ ಪ್ರಸಂಗದ ಮರುದಿನವೇ ಗಿರಿಜಾ ಡಾಕ್ಟರ್ ಅಪಾಯಿಂಟ್‌ಮೆಂಟ್ ಬುಕ್ ಮಾಡಿದಳು. ಕೇಳಿ ಮಾಡಲಿಲ್ಲ, ಮಾಡಿ ಹೇಳಿದಳು. ಡಾಕ್ಟರ್ ಶ್ರೀಲಂಕಾ ಕಡೆಯ ಹಿರಿಯ ಹೆಂಗಸು. ಕನ್ನಡಕದ ಮೇಲಿನಿಂದ ನೋಡಿ “ಏನು ತೊಂದರೆ?” ಅಂತ ಇಂಗ್ಲಿಷಿನಲ್ಲಿ ಕೇಳಿದರು.

“ಗ್ಯಾಸ್,” ಅಂದೆ.

(ನಮ್ಮ ಜನಕ್ಕೆ ಬರುವ ಎಲ್ಲ ಕಾಯಿಲೆಗೂ ಇಟ್ಟ ಮೊದಲ ಹೆಸರು ಅದೇ ತಾನೇ?)

ಪಕ್ಕದಿಂದ ಗಿರಿಜಾ: “ಡಾಕ್ಟರ್, ಹೀ ಈಸ್ ಸಿಟಿಂಗ್ ಇನ್‌ಸೈಡ್ ದ ವಾರ್ಡ್‌ರೋಬ್.”

ಡಾಕ್ಟರ್ ಪೆನ್ನು ಕೆಳಗಿಟ್ಟರು. ನಿದ್ದೆ? ಎಷ್ಟು ಮಾಡಿದರೂ ಸಾಲದು. ಊಟ? ಅನ್ನ, ಸಿಹಿ, ಮತ್ತೆ ಅನ್ನ. ಸ್ನೇಹಿತರ ಫೋನು? ಎತ್ತುವುದಿಲ್ಲ. ಬದುಕೇ ಬೇಡ ಅನ್ನಿಸುತ್ತದೆಯೇ? ಇಲ್ಲ ಅಂದೆ. ಗಿರಿಜಾ ನನ್ನ ಮುಖ ನೋಡಿದಳು. “ಇಲ್ಲ, ನಿಜವಾಗಿ,” ಅಂದೆ. ಹೋದ ವರ್ಷ ಇದೇ ತಿಂಗಳುಗಳಲ್ಲಿ ಹೇಗಿದ್ದಿರಿ?

ನಾನು ಯೋಚಿಸುವ ಮೊದಲೇ ಗಿರಿಜಾ ನನ್ನ ಕಡೆ ತಿರುಗಿ ಕನ್ನಡದಲ್ಲೇ ಶುರು ಮಾಡಿದಳು. “ಹೌದಲ್ರೀ! ಸಂಕ್ರಾಂತಿ ಮುಂದ ಹಾಡಕೋತ ಅಡ್ಡಾಡ್ತೀರಿ. ಕಾರಹುಣ್ಣಿಮಿ ಬಂತಂದ್ರ ಮುಗೀತು, ಮಾರಿ ಗಂಟ. ಹೋದ ವರ್ಷಾನೂ ಹಂಗ ಇತ್ತಲ್ಲ!”

ಡಾಕ್ಟರಿಗೆ ಜೂನಿನ ಕಾರಹುಣ್ಣಿಮೆ ತಿಳಿಯದಿದ್ದರೂ, ನಾನು ಇಂಗ್ಲಿಷಿನಲ್ಲಿ ಹೇಳಿದ ಮೇಲೆ ವಿಷಯ ತಿಳಿಯಿತು. ಚಳಿಗಾಲದ ಖಿನ್ನತೆ ಅಂದರು. ಬೆಳಕು ಕಡಿಮೆಯಾದಾಗ ಕೆಲವರಿಗೆ ಹೀಗೆ ಆಗುತ್ತದಂತೆ. ಮಾತಾಡಲು ಒಬ್ಬ ಕೌನ್ಸೆಲರ್ ಬಳಿ ಕಳಿಸುತ್ತೇನೆ, ದಿನಾ ಹಗಲಿನಲ್ಲಿ ಹೊರಗೆ ಇರಬೇಕು, ಸಾಲದಿದ್ದರೆ ಮಾತ್ರೆ ನೋಡೋಣ. ಸಿಗರೇಟಿಗೆ ಮಾತ್ರ ವಾಪಸ್ ಹೋಗಬೇಡಿ. ವೇಪ್ ಕೂಡ ಬಿಡಬೇಕು, ಆದರೆ ಮನಸ್ಸು ಸ್ವಲ್ಪ ಎದ್ದು ನಿಲ್ಲಲಿ.

ಹೊರಗೆ ಬರುತ್ತಾ ನನಗೆ ತುಮಕೂರಿನ ನಮ್ಮಜ್ಜಿ ನೆನಪಾದರು. ಮನೆಯಲ್ಲಿ ಯಾರಾದರೂ ಮೂಲೆ ಹಿಡಿದು ಕೂತರೆ ಅಜ್ಜಿ ಹೇಳುತ್ತಿದ್ದದ್ದು ಒಂದೇ: “ಮಂಕು ಕವಿದೈತೆ ಅವನಿಗೆ. ಎಬ್ಬಿಸಿ ಜಗಲಿ ಮೇಲೆ ಕೂರ್ಸಿ, ಬಿಸಿಲು ತಾಗ್ಲಿ.” ಸಂಡಿಗೆಗೂ ಮನುಷ್ಯನಿಗೂ ಅಜ್ಜಿ ಭೇದ ಮಾಡುತ್ತಿರಲಿಲ್ಲ.

ಆದರೂ ನಾಚಿಕೆ. ಇಲ್ಲಿಯ ನಮ್ಮ ಕನ್ನಡದವರು ಸೇರಿದಾಗ ಮಾರ್ಟ್‌ಗೇಜ್ ಮಾತಾಡುತ್ತೇವೆ, ಇಲ್ಲೇ ನೆಲೆಸಲು ಬೇಕಾದ ಪಿಆರ್ ಮಾತಾಡುತ್ತೇವೆ, ಥೈರಾಯ್ಡ್ ಅನ್ನು ಸಾರಿನ ಪುಡಿಯ ಹಾಗೆ ಹೋಲಿಸಿ ನೋಡುತ್ತೇವೆ. ಇದನ್ನು ಯಾರ ಮುಂದೆ ಹೇಳುವುದು?

ಹೇಳುವ ಸಂದರ್ಭ ಸಿಡ್ನಿಯಲ್ಲಿ ಕಾಯುತ್ತಿತ್ತು. ಗೆಳೆಯ ಶಿವು ಕೆಲ್ಲಿವಿಲ್‌ನಲ್ಲಿ ಹೊಸ ಮನೆ ಕೊಂಡು ಗೃಹಪ್ರವೇಶ ಇಟ್ಟುಕೊಂಡಿದ್ದ. ಟೂಂಗಾಬಿಯಲ್ಲಿ ನಾವಿಬ್ಬರೂ ಒಂದೇ ಕಟ್ಟಡದಲ್ಲಿ ಬಾಡಿಗೆಗೆ ಇದ್ದವರು. ಕೆಳಗೆ ಕಸದ ಡಬ್ಬಗಳ ಪಕ್ಕ ನಿಂತು ಸಿಗರೇಟು ಸೇದಿದವರು. ಅವನಿಗೆ ಪಿಆರ್ ಬಂದ ಸುದ್ದಿ ನಾನು ಕೇಳಿದ್ದು ಅಲ್ಲಿ. ಅವನಪ್ಪ ತೀರಿಕೊಂಡ ದಿನ, ಟಿಕೆಟ್ ಸಿಗದೆ ಅವನು ಅತ್ತದ್ದೂ ಅಲ್ಲೇ.

ಗೃಹಪ್ರವೇಶದ ದಿನ ಒಳಗೆ ಸ್ಮೋಕ್ ಅಲಾರಂಗಳಿಗೆಲ್ಲ ಶವರ್ ಕ್ಯಾಪ್ ತೊಡಿಸಿ ಹೋಮ ನಡೆದಿತ್ತು. ಶಿವು ಪಂಚೆ ಎತ್ತಿ ಕಟ್ಟಿ ನನ್ನ ತೋಳು ಹಿಡಿದು ಗ್ಯಾರೇಜಿನ ಹಿಂದೆ ಎಳೆದುಕೊಂಡು ಹೋದ.

“ಬಾರೋ. ಎರಡು ವರ್ಷ ಆಯ್ತು ಜೊತೇಲಿ ಒಂದು ಹೊಡ್ದು.”

“ಬಿಟ್ಟಿದ್ದೀನಿ ಕಣೋ.”

“ನಾನೂ ಪ್ರತಿ ಸೋಮವಾರ ಬಿಡ್ತೀನಿ. ಹಿಡ್ಕೋ!”

ನನ್ನ ಬೆರಳುಗಳ ನಡುವೆ ಸಿಗರೇಟು ಇಟ್ಟೇಬಿಟ್ಟ. ಬೆರಳುಗಳು ಅದರ ಜಾಗ ಮರೆತಿರಲಿಲ್ಲ. ತಂಬಾಕಿನ ಹಸಿ ವಾಸನೆ ಮೂಗಿಗೆ ಬಂತು. ಇಷ್ಟು ದಿನ ವಾರ್ಡ್‌ರೋಬಿನಲ್ಲಿ ಕೂತು ಬಯಸಿದ್ದು ಈಗ ಕೈಯಲ್ಲಿದೆ. ಗಿರಿಜಾ ಒಳಗೆ ಇದ್ದಾಳೆ. ಯಾರಿಗೆ ಗೊತ್ತಾಗುತ್ತದೆ? ತುಟಿಯ ತನಕ ಕೈ ಹೋಯಿತು.

ಅವನು ಲೈಟರ್ ಹುಡುಕುತ್ತಿದ್ದ. ಪಂಚೆಗೆ ಜೇಬಿಲ್ಲವಲ್ಲ! ಯಾರದೋ ಲೈಟರ್ ತರಲು ಒಳಗೆ ಹೋದ. ನಾನು ಒಬ್ಬನೇ ನಿಂತೆ. ಜುಲೈ ತಿಂಗಳ ಸಿಡ್ನಿಯ ಬಿಸಿಲು ಕುತ್ತಿಗೆಯ ಹಿಂದೆ ಬಿದ್ದಿತ್ತು, ಬಿಸಿ ಬಟ್ಟೆಯ ಶಾಖ ಕೊಟ್ಟ ಹಾಗೆ. ಒಳಗಿನಿಂದ ಯಾರೋ ಕೊಬ್ಬರಿ ಮಿಠಾಯಿ ಎಲ್ಲಿಟ್ಟಿದ್ದೀರಿ ಅಂತ ಕೂಗುತ್ತಿದ್ದರು. ಪಕ್ಕದ ಮನೆಯ ನಾಯಿ ಬೇಲಿಯ ಸಂದಿಯಲ್ಲಿ ಮೂಗು ತೂರಿಸಿತ್ತು. ಎಷ್ಟೋ ವಾರಗಳ ಮೇಲೆ ಭುಜಗಳು ಕೆಳಗೆ ಇಳಿದವು.

ಆಗ ಹೊಳೆಯಿತು. ಇನ್ನೂ ಬೆಂಕಿಯೇ ಬಂದಿಲ್ಲ, ನನಗೆ ಬೇಕಾದದ್ದು ಅರ್ಧ ಆಗಲೇ ಸಿಕ್ಕಿದೆ!

ಉಳಿದ ಅರ್ಧ? ಅದು ಗಂಟಲಲ್ಲಿ ಕೂತು ಕೂಗುತ್ತಿತ್ತು. ಸುಳ್ಳು ಹೇಳುವುದಿಲ್ಲ. ಶಿವು ಲೈಟರ್ ತಂದು ಮುಖದ ಹತ್ತಿರ ಹಿಡಿದ. ನಾನು ಸಿಗರೇಟು ಅವನ ಕೈಗೆ ವಾಪಸ್ ಕೊಟ್ಟೆ.

“ನೀನು ಸೇದು. ನಾನು ಸುಮ್ನೆ ನಿಂತಿರ್ತೀನಿ.”

“ಏನಾಗಿದೆಯೋ ನಿಂಗೆ? ಫೋನ್ ಮಾಡಿದ್ರೆ ಎತ್ತಲ್ಲ, ಮೆಸೇಜ್‌ಗೆ ಬರೀ ಹೆಬ್ಬೆಟ್ಟು ಒತ್ತಿ ಕಳಿಸ್ತೀಯ.”

“ಡಿಪ್ರೆಶನ್ ಅಂತೆ. ಚಳಿಗಾಲದ್ದು.”

ಅವನು ಲೈಟರ್ ಕೆಳಗಿಳಿಸಿದ. “ಆಸ್ಟ್ರೇಲಿಯಾದ ಚಳೀಗಾ? ಕೆನಡಾದಲ್ಲಿರೋ ನಮ್ಮ ಭಾವ ಕೇಳಿದ್ರೆ ಬಿದ್ದು ಬಿದ್ದು ನಗ್ತಾನೆ.” ನಾನೂ ನಕ್ಕೆ. ಆಮೇಲೆ ಅವನು ನಗು ನಿಲ್ಲಿಸಿದ. “ಯಾವ ಹೊತ್ತಲ್ಲಿ ಜಾಸ್ತಿ?”

“ಊಟ ಆದ್ಮೇಲೆ. ಮಧ್ಯಾಹ್ನ.”

“ದಿನಾ ಆಗ ಫೋನ್ ಮಾಡ್ತೀನಿ. ಹೊರಗೆ ಬಂದು ಎತ್ತಬೇಕು. ಒಳಗಿಂದ ಎತ್ತಿದ್ರೆ ಮಗನೇ, ಗಿರಿಜಕ್ಕನ ಹತ್ರ ಕಂಪ್ಲೇಂಟ್ ಮಾಡ್ತೀನಿ.”

ಮೆಲ್ಬರ್ನಿಗೆ ವಾಪಸ್ ಬಂದ ಮೊದಲ ವಾರವೇ ಕಳ್ಳಾಟ ಆಡಿದೆ. ಹೊರಗೆ ಮಳೆ, ಜೊತೆಗೆ ಟ್ರುಗನಿನಾದ ಕುಪ್ರಸಿದ್ಧ ಗಾಳಿ. ಕುರ್ಚಿಯಿಂದ ಏಳದೆ ಫೋನ್ ಎತ್ತಿದೆ.

“ಹೊರಗಿದ್ದೀಯಾ?”

“ಹೂಂ.”

“ಬುರುಡೆ! ಗಾಳಿ ಸದ್ದೇ ಇಲ್ಲ.”

ಎದ್ದು ಹೋದೆ. ಅವತ್ತಿನಿಂದ ಹೋಗುತ್ತಲೇ ಇದ್ದೇನೆ. ಅವನು ಅಲ್ಲಿ ಸೇದುತ್ತಾನೆ, ನಾನು ಇಲ್ಲಿ ಹಿತ್ತಲಿನ ಸೂರಿನ ಕೆಳಗೆ ಖಾಲಿ ಕೈ ಜೇಬಿಗಿಳಿಸಿ ನಿಲ್ಲುತ್ತೇನೆ. ಮಾತಿನಲ್ಲಿ ಏನೂ ಇರುವುದಿಲ್ಲ. ಅವನ ಮ್ಯಾನೇಜರ್, ನನ್ನ ಮೊಣಕಾಲು. ಮೋಡದ ದಿನದ ಬೆಳಕೂ ಬೆಳಕೇ ಅಂತ ಡಾಕ್ಟರ್ ಹೇಳಿದ್ದಾರೆ. ಕೌನ್ಸೆಲರ್ ಹತ್ತಿರವೂ ಹೋಗುತ್ತಿದ್ದೇನೆ. (ಮೊದಲ ದಿನ ಅಲ್ಲಿಯೂ ಗ್ಯಾಸ್ ಅನ್ನಲು ಬಾಯಿ ತೆರೆದಿದ್ದೆ.)

ಎಲ್ಲ ಸರಿಹೋಯಿತು ಅಂತ ಬರೆದರೆ ನೀವು ನಂಬಬೇಡಿ. ಹೋದ ಮಂಗಳವಾರ ಬೆಳಗಿನಿಂದ ಒಂದೇ ಸಮ ಬೇಕು, ಬೇಕು. ಕಾರು ತೆಗೆದು ಸಿಗರೇಟಿನ ಅಂಗಡಿ ತನಕ ಹೋದೆ. ಒಳಗೂ ಹೋದೆ. ಹಾಲು ತಗೊಂಡು ಬಂದೆ. ಮನೆಯಲ್ಲಿ ಆಗಲೇ ಬೇಕಾದಷ್ಟು ಹಾಲಿತ್ತು. ಗಿರಿಜಾ ಹಾಲಿನ ಕ್ಯಾನ್ ನೋಡಿದಳು, ನನ್ನ ಮುಖ ನೋಡಿದಳು, ಪಾಯಸಕ್ಕೆ ಇಟ್ಟಳು.

ಇದೇ ನನ್ನ ಶಕ್ತಿ ಸದ್ಯಕ್ಕೆ. ಸಿಗರೇಟು ಕೊಳ್ಳಲು ಹೋಗಿ ಹಾಲು ತರುವಷ್ಟು. ಆದರೆ ಅಷ್ಟು ಇದೆ. ಈ ಚಳಿಗಾಲವನ್ನು ನಾನು ಹೊಗೆಯಿಲ್ಲದೆ ದಾಟುತ್ತೇನೆ. ಕುಂಟಿಕೊಂಡಾದರೂ ಸರಿ, ಬೇಕಿದ್ದರೆ ದಿನಾ ಪಾಯಸ ಕುಡಿದಾದರೂ ಸರಿ.

ನಿನ್ನೆ ಭಾನುವಾರ ಹಿತ್ತಲಿನಲ್ಲಿ ಗಿರಿಜಾ ಮಿರ್ಚಿ ಕರಿಯುತ್ತಿದ್ದಳು. ನಾನು ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಕೈಯಲ್ಲಿದ್ದ ಜಾಲರಿ ಸೌಟಿನಿಂದ ನನ್ನ ಜೇಬಿನ ಕಡೆ ತೋರಿಸಿ ಕೇಳಿದಳು.

“ಸಿಗರೇಟ್ ಗೆದ್ರಿ, ಆತು. ಈ ಪೀಪಿ ಯಾವಾಗ ಬಿಡ್ತೀರಿ?”

“ಬೇಸಿಗೆ ಬರ್ಲಿ, ಬಿಟ್ಟೇಬಿಡ್ತೀನಿ.”

ಗಿರಿಜಾ ಎಣ್ಣೆಯಲ್ಲಿ ಮಿರ್ಚಿ ಮಗುಚಿ ಹಾಕಿದಳು.

“ಯಾವ ಬ್ಯಾಸಿಗಿ? ಡಿಸೆಂಬರ್‌ದಾಗ ಇಲ್ಲಿ ಬರ್ತೈತಲ್ಲ ಅದೋ, ಏಪ್ರಿಲ್‌ದಾಗ ಹುಬ್ಬಳ್ಳಿಗೆ ಬರ್ತೈತಲ್ಲ ಅದೋ?”