ಜಂಬೋ ಸೀಟಿನ ಗೌಸ್ ಸಾಬರು

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಕುಷನ್ ಅಂಗಡಿ ಇಟ್ಟುಕೊಂಡಿರುವ ಗೌಸ್ ಮೊಹಿದ್ದೀನ್ ಸಾಬರಿಗೆ ಯಾರನ್ನೂ ಗೌರವಿಸಲು ಬರುವುದಿಲ್ಲ ಎಂದು ಊರಲ್ಲಿ ಮಾತಿದೆ. ಬರುತ್ತದೆ, ತಕ್ಕವರು ಸಿಕ್ಕಬೇಕಲ್ಲ ಎಂಬುದು ಅವರ ವಾದ. ಹೊಸ ಜೀಪು ತಂದು ಸೀಟಿಗೆ ಹುಲಿಪಟ್ಟೆ ಹಾಕಿಕೊಡಿ ಎನ್ನುವ ರೆಸಾರ್ಟಿನವರನ್ನು ಅವರು ತಲೆ ಎತ್ತದೆಯೇ ಸಾಗಹಾಕುತ್ತಾರೆ. ವಯನಾಡಿನಿಂದ ಬರುವ ಲಾರಿ ಡ್ರೈವರು ಬಂದರೆ ಮಾತ್ರ ಒಳಗೆ ಕರೆದು, ತಿರುಗಿಸಿ ನಿಲ್ಲಿಸಿ, ಎಲ್ಲಿ ನೋವು ಅಂತ ಬೆನ್ನು ಮುಟ್ಟಿ ಕೇಳಿ, ಆಮೇಲೆ ಫೋಮಿಗೆ ಕತ್ತರಿ ಹಾಕುತ್ತಾರೆ. ಅರವತ್ತೆರಡು ವಯಸ್ಸು, ಕಡ್ಡಿಯಂಥ ಆಳು, ಬಾಯಿಯ ಒಂದು ಮೂಲೆಯಲ್ಲಿ ಸದಾ ಒಂದು ಸಣ್ಣ ತಿರಸ್ಕಾರ.

ನನ್ನ ಬೈಕಿನ ಸೀಟು ಹೊಲಿಸಲು ಹೋದಾಗ ಪರಿಚಯವಾದದ್ದು. ನಾನು ಬೇಗೂರಿನಲ್ಲಿ ವಿಜ್ಞಾನದ ಮೇಷ್ಟ್ರು. ಆಗ ಇನ್ನೊಂದು ಬಿರುದೂ ಇತ್ತು. ಹೇಳಿಕೊಳ್ಳಲು ಈಗ ನಾಚಿಕೆ. ಚಾಮರಾಜನಗರದ ವಿಮಾನಪ್ರೇಮಿಗಳ ಬಳಗದ ಖಾಯಂ ಸದಸ್ಯ.

ಹನ್ನೊಂದು ಜನರ ಬಳಗ. ವಿಮಾನ ನಿಲ್ದಾಣವೇ ಇಲ್ಲದ ಜಿಲ್ಲೆಯಲ್ಲಿ ನಾವು ಭಾನುವಾರ ಮಾಳಿಗೆ ಹತ್ತಿ ನಿಂತು, ಮೋಡದಾಚೆ ಬಿಳಿ ಗೆರೆ ಕಂಡರೆ ಮೊಬೈಲ್ ತೆಗೆದು ಇದು ಕೊಲಂಬೋಗೆ ಹೋಗುವುದು, ಅದು ದುಬೈಯಿಂದ ಬಂದದ್ದು ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಪುಳಕಗೊಳ್ಳುತ್ತಿದ್ದೆವು. ಅಧ್ಯಕ್ಷರು ಕರಿಕಲ್ಲು ಕ್ವಾರಿಯ ನಂಜುಂಡಪ್ಪ. ಕಾರ್ಯದರ್ಶಿ ಸೋಮೇಶ್, ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವರು. ಜೀವಮಾನದಲ್ಲಿ ಎರಡು ಸಲ ವಿಮಾನ ಹತ್ತಿದ್ದರು, ಎರಡು ಸಲವೂ ಹೈದರಾಬಾದಿಗೆ. ಆದರೆ ಜಂಬೋ ವಿಮಾನದ ತೂಕ, ರೆಕ್ಕೆಯ ಉದ್ದ, ಎಂಜಿನ್ನಿನ ಶಕ್ತಿ ಎಲ್ಲ ಬಾಯಿಪಾಠ. ಜಂಬೋ ಎಂದೊಡನೆ ಅವರ ಗಂಟಲು ಗದ್ಗದವಾಗುತ್ತಿತ್ತು. ಹೆಂಡತಿಯ ಆಪರೇಷನ್ ದಿನ ಅದು ಗದ್ಗದವಾಗಿದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಅವತ್ತೂ ಅವರು ಮಾಳಿಗೆ ಮೇಲೇ ಇದ್ದರು.

ನಮ್ಮ ದೇಶದ ಜಂಬೋಗಳು ಕೊನೆಯ ಸಲ ಹಾರಿಹೋದ ವರ್ಷ ಬಳಗಕ್ಕೆ ಸೂತಕ ಹಿಡಿಯಿತು. ಬೀಳ್ಕೊಡುಗೆ ಸಮಾರಂಭ ಮಾಡಲೇಬೇಕು ಎಂದು ನಂಜುಂಡಪ್ಪ ಮೇಜು ಗುದ್ದಿದರು. ಯಾವನೋ ಗುಜರಿಯವನನ್ನು ಹಿಡಿದು ಮುಂಬಯಿಯಿಂದ ಜಂಬೋದ ಮೂರು ಸೀಟು ತರಿಸಿದರು. ಲಾರಿಯಿಂದ ಇಳಿಸಿದಾಗ ನೋಡಬೇಕಿತ್ತು: ನೀಲಿ ಬಟ್ಟೆ ಕೊಳೆತು ಬೂದಿ ಬಣ್ಣಕ್ಕೆ ತಿರುಗಿತ್ತು, ಫೋಮ್ ಕುಸಿದು ಒಳಗಿನ ಕಂಬಿ ಕಾಣುತ್ತಿತ್ತು, ಒಂದಕ್ಕೆ ಕೈಯೇ ಇರಲಿಲ್ಲ. ಸೋಮೇಶ್ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಯಾರಾದರೂ ಕೂತರೆ ಮುರಿದು ಬೀಳದಂತೆ ರಿಪೇರಿ ಮಾಡಿಸಬೇಕಿತ್ತು. ಗೌಸ್ ಸಾಬರ ಹೆಸರು ಹೇಳಿದವನು ನಾನೇ.

ಸೀಟುಗಳು ಅಂಗಡಿಗೆ ಬಂದ ದಿನ ನಾನು ಅಲ್ಲಿದ್ದೆ. ಸಾಬರು ಒಂದರ ಕವರಿನ ಅಂಚನ್ನು ಮಡಚಿ ಒಳಮೈ ನೋಡಿದರು. ಮಾಸಿದ ಒಂದು ಮುದ್ರೆ ಇತ್ತು. ತುಂಬ ಹೊತ್ತು ನೋಡಿದರು.

"ನಮ್ ಶೆಡ್ದು ಕಣ್ ಮೇಷ್ಟ್ರೇ ಇದು."

"ಯಾವ ಶೆಡ್ಡು?"

"ಬೊಂಬಾಯಿದು. ನಾನೇ ಹೊಲ್ದಿದ್ದೋ, ಪಕ್ಕದೋನು ಹೊಲ್ದಿದ್ದೋ, ಅದು ಅಲ್ಲಾಗೇ ಗೊತ್ತು. ಇಂಥ ಮೂರನೇ ದರ್ಜೆ ಬಟ್ಟೆ ಇನ್ನೆಲ್ಲೂ ಹಾಕ್ತಿರ್ಲಿಲ್ಲ."

ಅವತ್ತೇ ನನಗೆ ಅವರ ಕಥೆ ತಿಳಿದದ್ದು. ಅವರ ಅಬ್ಬಾ ಗುಂಡ್ಲುಪೇಟೆಯಲ್ಲಿ ಹಾಸಿಗೆ ಹೊಲಿಯುತ್ತಿದ್ದರು. ಹತ್ತೊಂಬತ್ತಕ್ಕೆ ಮಾಮುವಿನ ಜೊತೆ ಮುಂಬಯಿಗೆ ಹೋದ ಗೌಸ್, ವಿಮಾನದ ಸೀಟು ಕವರು ಹೊಲಿಯುವ ಒಂದು ಶೆಡ್ಡು ಸೇರಿದರು. ಇಪ್ಪತ್ತಾರು ವರ್ಷ. ಹೊಲಿದ ಕವರುಗಳ ಮೂಟೆ ಹೊತ್ತು ನಿಂತ ವಿಮಾನದೊಳಗೆ ಹೋಗಿ, ನಾಲ್ಕು ತಾಸಿನೊಳಗೆ ಎಲ್ಲ ತೊಡಿಸಿ ಇಳಿಯಬೇಕು. ಹೀಗೆ ನೂರಾರು ಸಲ ಜಂಬೋ ಹತ್ತಿದ್ದಾರೆ, ಒಂದು ಸಲವೂ ಅದರಲ್ಲಿ ಹಾರಿಲ್ಲ. ಒಮ್ಮೆ, ಹೊಲಿಗೆ ಒತ್ತುತ್ತದೋ ಇಲ್ಲವೋ ನೋಡೋಣ ಎಂದು ತಾವೇ ತೊಡಿಸಿದ ಸೀಟಿನಲ್ಲಿ ಕೂತರು. ಮೇಲ್ವಿಚಾರಕ ಕಾಲರ್ ಹಿಡಿದು ಎಬ್ಬಿಸಿದ.

"ಕೂತ್ ನೋಡ್ದೆ ಹೆಂಗ್ ಗೊತ್ತಾಯ್ತದೆ ಅಂದೆ. ನಿಂಗ್ ಗೊತ್ತಾಗಿ ಆಗ್ಬೇಕಾದ್ದೇನು ಅಂದ. ಬೇಕೂಫ!"

ಹಜ್ ಸಮಯದಲ್ಲಿ ಹೊರದೇಶದ ಒಂದು ಕಂಪನಿ ತನ್ನ ಮುದಿ ಜಂಬೋಗಳನ್ನು ಬಾಡಿಗೆಗೆ ಬಿಡುತ್ತಿತ್ತಂತೆ. ಈಗ ಆ ಕಂಪನಿಯೇ ಇಲ್ಲ. ಅದರ ಸೀಟುಗಳ ಫೋಮ್ ಪೂರ್ತಿ ಕುಸಿದಿತ್ತು. ಶೆಡ್ಡಿನ ಮಾಲೀಕ, ಫೋಮ್ ಹಾಗೇ ಇರಲಿ, ಮೇಲೆ ಹೊಸ ಬಟ್ಟೆ ಎಳೆದುಬಿಡಿ ಎಂದ. ಗೌಸ್ ಸಾಬರೂ ಎಳೆದರು. ಆ ವರ್ಷ ಹಜ್‌ಗೆ ಹೋದವರಲ್ಲಿ ಗೌಸ್ ಸಾಬರ ಅಮ್ಮಿಯೂ ಒಬ್ಬರು. ಹೋಗುವ ಮೊದಲೇ ಮಗನಿಗೆ ಗೊತ್ತಿತ್ತು, ಅದೇ ವಿಮಾನ ಅಂತ. ಬಾಯಿ ಬಿಡಲಿಲ್ಲ.

"ವಾಪಸ್ ಬಂದ್ ಮೇಲೆ ಎಲ್ಲಾ ಹೇಳುದ್ರು. ಕಾಬಾ ಕಂಡಿದ್ದು, ಅತ್ತಿದ್ದು. ಕೊನೇಗೆ ನಗ್ತಾ ಹೇಳುದ್ರು, ಬೇಟಾ, ಆ ಸೀಟಿನ ಕಂಬಿ ಸೊಂಟಕ್ಕೆ ಚುಚ್ತಿತ್ತು, ಪುಣ್ಯದ್ ದಾರೀಲಿ ಅದೂ ಇರ್ಬೇಕೇನೋ ಅಂತ. ಎರಡ್ ತಿಂಗ್ಳು ಸೊಂಟ ಹಿಡ್ಕೊಂಡೇ ನಡುದ್ರು ಮೇಷ್ಟ್ರೇ."

ಮುಂದಿನ ಸಲ ಅಂಥದೇ ಕೆಲಸ ಬಂದಾಗ ಗೌಸ್ ಸಾಬರು ಒಲ್ಲೆ ಎಂದರು. ಮಾಲೀಕ ಗೇಟು ತೋರಿಸಿದ. ಅವರು ಕತ್ತರಿ, ದಬ್ಬಳ ಸುತ್ತಿಕೊಂಡು ರೈಲು ಹತ್ತಿದರು.

ಇಷ್ಟು ಹೇಳಿ ಸಾಬರು ಸೀಟುಗಳ ಬಟ್ಟೆಯನ್ನು ಬ್ಲೇಡಿನಿಂದ ಸೀಳಿ ಬಿಸಾಕಿದರು. ನಾನು ತಡೆಯಬಹುದಿತ್ತು. ತಡೆಯಲಿಲ್ಲ, ಮನೆಗೆ ಹೋದೆ.

ಸಮಾರಂಭದ ಹಿಂದಿನ ದಿನ ಶನಿವಾರ ಸೋಮೇಶ್, ನಂಜುಂಡಪ್ಪ, ನಾನು ಸೀಟು ತರಲು ಹೋದೆವು. ಮೂರೂ ಸೀಟು ಸಾಲಾಗಿ ನಿಂತಿದ್ದವು. ಒಳಗೆ ಹೊಸ ಫೋಮ್, ಮೇಲೆ ಮರೂನ್ ಬಣ್ಣದ ದಪ್ಪ ರೆಕ್ಸಿನ್, ಎರಡೆರಡು ಹೊಲಿಗೆ, ಕೈಯಿಲ್ಲದ್ದಕ್ಕೆ ಬೆಸೆದ ಹೊಸ ಕೈ. ಅಂಥ ಕೆಲಸವನ್ನು ನಾನು ಹಿಂದೆ ಕಂಡಿರಲಿಲ್ಲ.

ಸೋಮೇಶ್ ಮುಖ ಸತ್ತವರ ಮನೆಯಲ್ಲಿ ನಿಂತವರ ಹಾಗಾಯಿತು. "ಬಟ್ಟೆ? ಮೂಲ ಬಟ್ಟೆ ಎಲ್ಲಿ?"

"ಗಬ್ಬು ನಾರ್ತಿತ್ತು ಸಾ. ಕಿತ್ತಾಕ್ಬುಟ್ಟೆ."

"ಅದು ಇತಿಹಾಸ ಕಣ್ರೀ! ಮೂವತ್ತು ವರ್ಷ ಆಕಾಶದಲ್ಲಿ ಹಾರಿದ ಬಟ್ಟೆ!"

"ಹಾರಿದ್ದು ವಿಮಾನ. ಬಟ್ಟೆ ಮೇಲೆ ಜನ ಕೂತಿದ್ರು."

ಸೋಮೇಶ್ ಅಂಗಡಿಯ ಹಿಂದಿನ ಕಸದಲ್ಲಿ ಕೈಹಾಕಿ ಹುಡುಕಿ ಬಟ್ಟೆಯನ್ನು ಹೊರಗೆಳೆದರು. ಸಾಬರ ಹೆಂಡತಿ ಫಖ್ರುನ್ನೀಸಾ ಹೊಲಿಗೆ ಮಿಷನ್ ಒರೆಸಲು ಒಂದಿಷ್ಟು ಕತ್ತರಿಸಿಕೊಂಡಿದ್ದರು. ಎಣ್ಣೆ ಮೆತ್ತಿದ ಆ ತುಂಡನ್ನೂ ಸೋಮೇಶ್ ಕಿತ್ತುಕೊಂಡರು. ಇದನ್ನೇ ಮೇಲೆ ಮತ್ತೆ ಹೊಲಿದುಕೊಡಿ ಎಂದರು ನಂಜುಂಡಪ್ಪ.

"ಆ ಕೆಲ್ಸ ಒಂದ್ಸಲ ಮಾಡಿದ್ದೀನಿ," ಎಂದರು ಸಾಬರು. "ಇನ್ನೊಂದ್ಸಲ ನನ್ ಕೈಲಿ ಆಗಲ್ಲ."

ಆಗ ನಾನು ಬಾಯಿ ಹಾಕಿ, ಇವರು ಜಂಬೋ ಸೀಟುಗಳನ್ನೇ ಹೊಲಿಯುತ್ತಿದ್ದವರು ಎಂದುಬಿಟ್ಟೆ. ಬಯ್ಯುತ್ತಿದ್ದವರು ಒಂದೇ ಉಸಿರಿಗೆ ಕೈಮುಗಿದರು. ಅಷ್ಟು ಬೇಗ ಬಾಲ ಅಲ್ಲಾಡಿಸಲು ನಾಯಿಗೂ ಬರುವುದಿಲ್ಲ. ಸೋಮೇಶ್ ನೋಟ್‌ಬುಕ್ ತೆಗೆದರು.

"ಯಾವ ಯಾವ ನೋಂದಣಿ ಸಂಖ್ಯೆಯ ವಿಮಾನ ಸಾರ್?"

"ನಂಬರ್ ನೋಡ್ತಿರ್ಲಿಲ್ಲ."

"ಎಂಜಿನ್ ಯಾವ ಕಂಪನಿಯದು?"

"ಆ ಕಡೆ ನಮ್ಮನ್ನ ಬುಡ್ತಿರ್ಲಿಲ್ಲ."

"ಹೋಗಲಿ, ಮೇಲ್ಮಹಡಿಯಲ್ಲಿ ಎಷ್ಟು ಸೀಟು?"

"ಮೂವತ್ತೆರಡು."

"ತಪ್ಪು ಸಾರ್. ಆ ಮಾದರಿಯಲ್ಲಿ ಹದಿನಾರು."

"ಹದಿನಾರಾದ್ರೆ ಮಿಕ್ಕಿದ್ ಹದಿನಾರು ಕವರು ನಾನ್ ಯಾರಿಗ್ ತೊಡಿಸ್ದೆ ಸಾ?"

ಸೋಮೇಶ್ ನೋಟ್‌ಬುಕ್ ಮುಚ್ಚಿದರು. ಹೊರಗೆ ಬಂದು ನನ್ನ ಕಿವಿಯಲ್ಲಿ, "ಪಾಪ, ಏನೂ ಜ್ಞಾನ ಇಲ್ಲ. ಆದರೂ ಒಂದು ಶಾಲು ಹೊದಿಸೋಣ," ಎಂದರು.

ಭಾನುವಾರ ಬೆಳಿಗ್ಗೆ ಚಾಮರಾಜನಗರದ ಸಮುದಾಯ ಭವನದಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ. ಜಂಬೋದ ಫೋಟೋಗೆ ಹಾರ ಹಾಕಿ ಊದುಬತ್ತಿ ಹಚ್ಚಿದ್ದರು. ಮೂರು ಸೀಟುಗಳು ವೇದಿಕೆ ಮೇಲಿದ್ದವು. ಹೊಸ ರೆಕ್ಸಿನ್ ಕಾಣದಂತೆ ಹಳೇ ಬಟ್ಟೆಯನ್ನು ಮೇಲೆ ಹೊದಿಸಿ, ಅದಕ್ಕೂ ವಿಭೂತಿ ಬಳಿದಿದ್ದರು. ಎರಡು ನಿಮಿಷ ಮೌನ ಆಚರಿಸಿದೆವು. ನಾನೂ ತಲೆ ತಗ್ಗಿಸಿ ನಿಂತಿದ್ದೆ. ಒಬ್ಬ ಸದಸ್ಯರು ಪೈಲಟ್ ಟೋಪಿ ಹಾಕಿಕೊಂಡು ಬಂದಿದ್ದರು. ಅವರು ಸೊಸೈಟಿಯಲ್ಲಿ ಅಕ್ಕಿ ತೂಗುವವರು.

ದೀಪ ಹಚ್ಚಲು ನಂಜುಂಡಪ್ಪ ತಮ್ಮ ಹಳ್ಳಿ ಉಡಿಗಾಲದಿಂದ ತಾಯಿ ಪುಟ್ಟಬಸಮ್ಮನವರನ್ನು ಕರೆಸಿದ್ದರು. ಎಂಬತ್ತು ದಾಟಿದ ಜೀವ, ಮಂಡಿ ಎರಡೂ ಹೋಗಿದ್ದವು. ದೀಪ ಹಚ್ಚಿದ ಮೇಲೆ ನಿಲ್ಲಲಾಗದೆ ಅತ್ತಿತ್ತ ನೋಡಿ, ಹತ್ತಿರವಿದ್ದ ಸೀಟಿನ ಮೇಲಿನ ಬಟ್ಟೆ ಎಳೆದು ನೆಲಕ್ಕೆ ಹಾಕಿ ಕೂತುಬಿಟ್ಟರು.

"ಅವ್ವಾ, ಅದು ಕೂರಕ್ಕಲ್ಲ, ಪ್ರದರ್ಶನಕ್ಕೆ!" ಎಂದು ನಂಜುಂಡಪ್ಪ ಓಡಿಬಂದರು.

"ಕೂರಕ್ಕಲ್ದೆ ಕುರ್ಚಿ ಇನ್ಯಾಕ್ಲಾ? ಓಗು ಅತ್ಲಾಗೆ. ಆ ಒಲಸು ಬಟ್ಟೆ ಯಾಕ್ಲಾ ಒದ್ಸಿದ್ದೀಯ, ಎಣ ಇದ್ದಂಗೆ?"

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ನಂಜುಂಡಪ್ಪ ಬಟ್ಟೆಯನ್ನು ಎತ್ತಿ ಮಡಚಿ ಎದೆಗವಚಿಕೊಂಡು ನಿಂತರು.

ಸನ್ಮಾನಕ್ಕೆ ಗೌಸ್ ಸಾಬರನ್ನು ಕರೆದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದಿದ್ದರು. ಶಾಲು, ಪೇಟ, ಹಣ್ಣಿನ ಬುಟ್ಟಿ. ಆಕಾಶದ ರಾಣಿ ಜಂಬೋ ಬಗ್ಗೆ ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಅವರು ಮೈಕನ್ನು ದೂರ ಹಿಡಿದುಕೊಂಡು, ಅಂಗಡಿಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದರು:

"ಆ ವಿಮಾನ ಹೆಂಗಿತ್ತೋ ನಂಗೊತ್ತಿಲ್ಲ. ಸೀಟು ಚೆನ್ನಾಗಿರ್ಲಿಲ್ಲ. ಗೊತ್ತಿದ್ದೂ ಹೊಲ್ದೆ. ಮುದುಕ್ರು, ಮುದ್ಕೀರು ಕೂತ್ಕೊಂಡ್ ಹೋದ್ರು, ಸೊಂಟ ನೋಯಿಸ್ಕೊಂಡ್ ಬಂದ್ರು. ಅವ್ರೆಲ್ಲಾ ಎಲ್ಲವ್ರೋ ಏನೋ. ಮಾಫಿ ಕೇಳ್ತೀನಿ. ನಮ್ಮಮ್ಮಿ ಹತ್ರ ಕೇಳ್ಬೇಕಿತ್ತು, ಕೇಳ್ಲಿಲ್ಲ, ಹೊರಟೋದ್ರು."

ಜೋರು ಚಪ್ಪಾಳೆ. ಒಬ್ಬನೂ ಕೇಳಿಸಿಕೊಂಡಿರಲಿಲ್ಲ, ಮಾತು ನಿಂತಿತು, ತಟ್ಟಿದರು, ಅಷ್ಟೆ. ಸೋಮೇಶ್ ಮೈಕು ಇಸಿದುಕೊಂಡು, ಜಂಬೋ ಸೇವೆಯ ಭಾವುಕ ನೆನಪುಗಳನ್ನು ಹಂಚಿಕೊಂಡ ಶ್ರೀಯುತರಿಗೆ ವಂದನೆಗಳು ಎಂದರು. ಕೇಕು ಕತ್ತರಿಸಲು ಎಲ್ಲರೂ ನುಗ್ಗಿದರು. ವಿಮಾನದ ಆಕಾರದ ಕೇಕಿನ ಮೂತಿಯ ಭಾಗಕ್ಕೆ ಇಬ್ಬರ ನಡುವೆ ಜಗಳವೇ ಆಯಿತು.

ಗೌಸ್ ಸಾಬರು ಶಾಲು, ಪೇಟ ಎರಡನ್ನೂ ತೆಗೆದು ಮೇಜಿನ ಮೇಲಿಟ್ಟರು. ಹೋಗಲು ತಿರುಗಿದವರು ಪುಟ್ಟಬಸಮ್ಮನವರ ಕಾಲು ನೋಡಿ ನಿಂತರು. ಹಿಮ್ಮಡಿ ನೆಲಕ್ಕೆ ಎಟುಕುತ್ತಿರಲಿಲ್ಲ. ಸಾಬರು ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರು.

"ಅಮ್ಮಾ, ತೊಡೆ ಕೆಳಗೆ ಒತ್ತುತ್ತಾ?"

"ಒಸಿ ಎತ್ರ ಆಯ್ತು ಕಣಪ್ಪ. ಬೆನ್ಗೆ ಮಾತ್ರ ಸುಖವಾಗದೆ."

"ಎರಡಿಂಚು ಕಡ್ಮೆ ಮಾಡ್ಬೇಕು. ಮೇಷ್ಟ್ರೇ, ಟೇಪ್ ಇದ್ಯಾ?"

ನನ್ನ ಹತ್ತಿರ ಇರಲಿಲ್ಲ. ಗೇಣು ಹಾಕಿ ಅಳೆದುಕೊಂಡರು.

ಪುಟ್ಟಬಸಮ್ಮ ಆ ಸೀಟು ಬಿಟ್ಟು ಏಳಲು ಒಪ್ಪಲಿಲ್ಲ. ಸಂಜೆ ಅದರ ಸಮೇತವೇ ಉಡಿಗಾಲಕ್ಕೆ ಹೊರಟರು. ಉಳಿದೆರಡು ನಂಜುಂಡಪ್ಪನ ಆಫೀಸಿನಲ್ಲಿವೆ. ಹಳೇ ಬಟ್ಟೆಯನ್ನು ಹನ್ನೊಂದು ಚೌಕ ಕತ್ತರಿಸಿ ಗಾಜಿನ ಚೌಕಟ್ಟು ಹಾಕಿಸಿ ಸದಸ್ಯರಿಗೆ ಹಂಚಿದರು. ನನ್ನ ಪಾಲಿಗೆ ಎಣ್ಣೆ ಮೆತ್ತಿದ ತುಂಡು ಬಂತು. ಅದನ್ನು ವಾಪಸ್ ಕೊಟ್ಟೆ, ಬಳಗವನ್ನೂ ಬಿಟ್ಟೆ. ಸೋಮೇಶ್ ಈಗ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಇಷ್ಟು ಸುಲಭಕ್ಕೆ ಬಿಡುಗಡೆ ಸಿಗುತ್ತದೆಂದು ಗೊತ್ತಿದ್ದರೆ ಮೊದಲೇ ಬಿಡುತ್ತಿದ್ದೆ.

ಮುಂದಿನ ವಾರ ಸಾಬರನ್ನು ನನ್ನ ಬೈಕಿನಲ್ಲಿ ಉಡಿಗಾಲಕ್ಕೆ ಕರೆದುಕೊಂಡು ಹೋದೆ. ಸೀಟು ಜಗಲಿ ಮೇಲಿತ್ತು. ಸಾಬರು ಅದರ ಕಬ್ಬಿಣದ ಕಾಲುಗಳನ್ನು ಗರಗಸದಲ್ಲಿ ಕುಯ್ದು, ತುದಿಗೆ ರಬ್ಬರು ತೊಡಿಸಿ, ಮುಂದಿನ ಅಂಚಿನ ಫೋಮನ್ನು ಇಳಿಜಾರು ಮಾಡಿ ಮತ್ತೆ ಹೊಲಿದರು. ಅರ್ಧ ದಿನ ಹಿಡಿಯಿತು. ಮುಗಿದ ಮೇಲೆ ಮೊದಲು ತಾವೇ ಕೂತು, ಕಣ್ಣು ಮುಚ್ಚಿ, ಹಿಂದಕ್ಕೆ ಒರಗಿ ನೋಡಿದರು. ಆಮೇಲೆ ಎದ್ದು ಪುಟ್ಟಬಸಮ್ಮನವರ ಕೈ ಹಿಡಿದು ಕೂರಿಸಿದರು.

"ಸಾಬ್ರೇ, ಇದ್ರ ಮ್ಯಾಲೆ ಕೂತ್ಕಂಡು ಜನ ಸಮುದ್ರ ದಾಟ್ತಿದ್ರಂತಲ್ಲಾ, ದಿಟ್ವಾ?"

"ದಾಟ್ತಿದ್ರು ಕಣಮ್ಮ. ಕಷ್ಟಪಟ್ಕೊಂಡು."

ಪುಟ್ಟಬಸಮ್ಮ ಎರಡೂ ಪಾದ ನೆಲಕ್ಕೂರಿ, ಒಳಗಿದ್ದ ಸೊಸೆಗೆ ಮೂರು ಲೋಟ ಕಾಫಿ ತರಲು ಕೂಗಿ ಹೇಳಿದರು.