ಕಾಡಿನ ಸೊಪ್ಪಿಗೆ ಒಗ್ಗರಣೆ

ನನಗೆ ಕೊರೊನಾ ಬಂದು, ಪರದೇಶದ ಊರು ವಾಗೆನಿಂಗನ್ನಿನ ಈ ಒಂದೇ ಕೋಣೆಯ ಮನೆಯಲ್ಲಿ ಕೂತು ನಾಲ್ಕು ದಿನವಾಯಿತು. ಗೆಳತಿಯೊಬ್ಬಳು ಕಾಡಿನಿಂದ ಡಾಸ್‌ಲೋಕ್ ಎಂಬ ಸೊಪ್ಪು ಕಿತ್ತು ತಂದು ಬಾಗಿಲಿಗೆ ನೇತುಹಾಕಿ ಹೋಗಿದ್ದಾಳೆ. ಎಲೆ ಹರಿದರೆ ಥೇಟ್ ಬೆಳ್ಳುಳ್ಳಿ ವಾಸನೆ.

ಚಿಕ್ಕವಳಿದ್ದಾಗ ನನಗೆ ಚಿಕನ್‌ಪಾಕ್ಸ್ ಆಗಿತ್ತು. ಅಜ್ಜಿಯ ಮಾತಿನಲ್ಲಿ, ಮನೆಗೆ ಅಮ್ಮ ಬಂದಿದ್ದಳು. ಬೇವಿನೆಲೆಯ ಹಾಸಿಗೆ, ಹೊರಗಿನಿಂದ ಚಿಲಕ ಹಾಕಿದ ಬಾಗಿಲು. ಅಡುಗೆಮನೆಯಲ್ಲಿ ಅಜ್ಜಿ ಒಗ್ಗರಣೆಯನ್ನೇ ನಿಲ್ಲಿಸಿದ್ದಳು.

"ಆಚೆ ಯಾವಾಗ ಬಿಡ್ತೀಯಜ್ಜಿ?"

"ಬೆಳ್ಳುಳ್ಳಿ ಒಗ್ಗರಣೆ ವಾಸನೆ ಬಂದ್ರೆ ಅಮ್ಮ ಹೊರಟಳು ಅಂತ ತಿಳ್ಕೊ."

ಪಕ್ಕದ ಮನೆಯವರು ಒಗ್ಗರಣೆ ಹಾಕಿದಾಗಲೂ ನಾನು ಎದ್ದು ಬಾಗಿಲು ಬಡಿಯುತ್ತಿದ್ದೆ. ಕೊನೆಗೊಂದು ದಿನ ನಮ್ಮ ಒಲೆಯ ಮೇಲೆಯೇ ಬೆಳ್ಳುಳ್ಳಿ ಚಟಪಟ ಎಂದಿತು; ಅಜ್ಜಿ ಚಿಲಕ ತೆಗೆದಳು.

ಇವತ್ತು ಆ ಸೊಪ್ಪನ್ನು ಸಾಸಿವೆಯ ಜೊತೆ ಎಣ್ಣೆಗೆ ಹಾಕಿದೆ. ಕೋಣೆಯೆಲ್ಲ ಘಮ್ಮೆಂದಿತು. ಸೌಟು ಹಿಡಿದುಕೊಂಡೇ ಬಾಗಿಲನ್ನು ನೋಡುತ್ತ ನಿಂತೆ.